ತಾರೀಕು ತಪ್ಪಿದ್ದು ಆ ಹುಡುಗನಿಂದಲ್ಲ, ಮಾಸ್ಟರ್ ಪೇಜ್‌ನಿಂದ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ 7ನೇ ಪುಟದ ನೆತ್ತಿ ಮೇಲೆ ಹಿಂದಿನ ದಿನದ ವಾರ, ಹಿಂದಿನ ದಿನದ ತಾರೀಕು ಅಚ್ಚಾಗಿತ್ತು. ಮರುದಿನ ಮೂಲೆಯಲ್ಲಿ ಪುಟ್ಟ ಚೌಕ ಹಾಕಿ ‘ಕಣ್ತಪ್ಪಿನಿಂದ ಆಗಿದೆ, ವಿಷಾದಿಸುತ್ತೇವೆ’ ಅಂದಿರಿ. ಅದು ಸರಿ. ಆದರೆ ಮೊನ್ನೆ ಓದುಗರ ಪತ್ರಗಳ ನಡುವೆ ಒಬ್ಬರು ‘ಪುಟ ಕಟ್ಟುವವರು ತೂಕಡಿಸುತ್ತಿದ್ದರಾ’ ಅಂತ ಕೇಳಿದ್ದಾರೆ. ನೀವು ಅದರ ಕೆಳಗೆ ಒಂದು ಸಾಲೂ ಸೇರಿಸದೆ ಹಾಗೇ ಹಾಕಿದ್ದೀರಿ. ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ನಾನು 1997ರಿಂದ 19 ವರ್ಷ ಪತ್ರಿಕೆಗಳಲ್ಲಿ ಪುಟ ಕಟ್ಟಿದವನು. ಮೊದಲು ಒಂದು ಜಿಲ್ಲಾ ಪತ್ರಿಕೆ, ಆಮೇಲೆ ಒಂದು ದೊಡ್ಡ ಪತ್ರಿಕೆಯ ಎಡಿಷನ್. ಈಗ ಚಿತ್ರದುರ್ಗದಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ಬಿಲ್ ಬುಕ್ಕು, ಇಷ್ಟೇ. ಆದರೂ ಬೆಳಿಗ್ಗೆ ಪೇಪರ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಹೆಡ್‌ಲೈನ್‌ಗಲ್ಲ, ಮೇಲಿನ ಸಣ್ಣ ಪಟ್ಟಿಗೆ. ಪುಟದ ಸಂಖ್ಯೆ, ಪತ್ರಿಕೆ ಹೆಸರು, ಊರು, ವಾರ, ತಾರೀಕು ಇರುತ್ತದಲ್ಲ, ನಾವು ಅದನ್ನು ಫೋಲಿಯೊ ಅನ್ನುತ್ತೇವೆ. ಅದನ್ನು ಯಾರೂ ಓದುವುದಿಲ್ಲ. ತಪ್ಪಿದ ದಿನ ಮಾತ್ರ ಊರೆಲ್ಲ ಓದುತ್ತದೆ.

ಆ ಪಟ್ಟಿ ನಿಜಕ್ಕೂ ಆ ಪುಟದಲ್ಲಿ ಇರುವುದೇ ಇಲ್ಲ. ಅದು ಇರುವುದು ಮಾಸ್ಟರ್ ಪೇಜ್‌ನಲ್ಲಿ, ಅಂದರೆ ಎಲ್ಲ ಪುಟಕ್ಕೂ ಅಡಿಯಲ್ಲಿರುವ ಮಾದರಿ ಪುಟದಲ್ಲಿ. ನನಗೆ ಕೆಲಸ ಕಲಿಸಿದವರು ಅಚ್ಚಿನ ಮೊಳೆ ಜೋಡಿಸಿ ಬಂದವರು. ಅವರ ಕಾಲದಲ್ಲಿ ಪತ್ರಿಕೆ ಹೆಸರಿನ ಬ್ಲಾಕು, ಗೆರೆಗಳು ಇವನ್ನೆಲ್ಲ ಬಿಚ್ಚದೆ ಹಾಗೇ ಎತ್ತಿಡುತ್ತಿದ್ದರಂತೆ. ತಾರೀಕಿನ ಮೊಳೆ ಮಾತ್ರ ಚಿಮಟದಲ್ಲಿ ಕಿತ್ತು ಬೇರೆ ಕೂರಿಸುವುದು. 1985ರಲ್ಲಿ ಅಮೆರಿಕದ ಆಲ್ಡಸ್ ಕಂಪನಿ ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರ್ ತಂದಾಗ ಆ ಎತ್ತಿಟ್ಟ ಚೌಕಟ್ಟು ಕಂಪ್ಯೂಟರ್ ಒಳಗೆ ಬಂತು, ಅಷ್ಟೇ. ನಾನು ಕಲಿತ ಪೇಜ್‌ಮೇಕರ್ 6.5ರಲ್ಲಿ ಪರದೆಯ ಕೆಳಗೆ ಎಡಮೂಲೆಯಲ್ಲಿ ‘ಎಲ್’, ‘ಆರ್’ ಅಂತ ಎರಡು ಪುಟ್ಟ ಗುರುತು ಇರುತ್ತಿದ್ದವು. ಎಡಪುಟಕ್ಕೊಂದು, ಬಲಪುಟಕ್ಕೊಂದು. ಅಲ್ಲಿ ಗೆರೆ ಎಳೆದರೆ ಎಲ್ಲ ಪುಟದಲ್ಲೂ ಗೆರೆ. ಅಳಿಸಿದರೆ ಎಲ್ಲ ಪುಟದಿಂದಲೂ ಮಾಯ. ಅದರ ಜಾಗಕ್ಕೆ ಅಡೋಬಿ ಕಂಪನಿಯ ಇನ್‌ಡಿಸೈನ್ 1999ರಲ್ಲಿ ಬಂತು, ನಮ್ಮ ಡೆಸ್ಕಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. 2021ರಲ್ಲಿ ಅಡೋಬಿಯವರು ಮಾಸ್ಟರ್ ಅನ್ನುವ ಹೆಸರನ್ನೇ ತೆಗೆದು ಪೇರೆಂಟ್ ಪೇಜ್ ಅಂತ ಕರೆದರು. ನಮ್ಮ ಬಾಯಿಗೆ ಇನ್ನೂ ಮಾಸ್ಟರ್ರೇ. ಆದರೂ ಹೊಸ ಹೆಸರು ನನಗೆ ಹಿಡಿಸಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರಲ್ಲ, ಥೇಟ್ ಅದೇ.

ನಿಮ್ಮ 7ನೇ ಪುಟದಲ್ಲಿ ಏನಾಗಿರಬಹುದು ಅಂತ ಇಲ್ಲಿ ಕೂತೇ ಊಹಿಸಬಲ್ಲೆ. ಪುಟವನ್ನು ಟೆಂಪ್ಲೇಟ್‌ನಿಂದ, ಅಂದರೆ ಖಾಲಿ ಮಾದರಿ ಫೈಲಿನಿಂದ, ತೆಗೆದಿರಲಿಕ್ಕಿಲ್ಲ. ನಿನ್ನೆಯ 7ನ್ನೇ ತೆರೆದು, ‘ಸೇವ್ ಆಸ್’ ಕೊಟ್ಟು, ಹಳೇ ಸುದ್ದಿ ಅಳಿಸಿ ಹೊಸದು ಸುರಿದಿರುತ್ತಾರೆ. ನಿನ್ನೆಯ ಸಾರಿಗೆ ಇವತ್ತು ಒಗ್ಗರಣೆ ಹಾಕಿದ ಹಾಗೆ. ಇದನ್ನು ಸೋಮಾರಿತನ ಅನ್ನಬೇಡಿ. ನಿನ್ನೆಯ ಪುಟದಲ್ಲಿ ಜಾಹೀರಾತಿನ ಚೌಕ, ಅಂಕಣದ ಲೋಗೊ, ಫಾಂಟ್ ಎಲ್ಲ ಜೋಡಿಸಿ ಇಟ್ಟಿರುತ್ತದೆ. ರಾತ್ರಿ ಒಂಬತ್ತೂವರೆಗೆ ಮೂರು ಪುಟ ಒಬ್ಬನ ಕೈಗೆ ಕೊಟ್ಟು, ಹತ್ತೂ ಮುಕ್ಕಾಲಿಗೆ ಅಚ್ಚಿನ ಪ್ಲೇಟ್‌ಗೆ ಹೋಗಬೇಕು ಅಂದರೆ ಯಾವನೇ ಆಗಲಿ ನಿನ್ನೆಯದನ್ನೇ ತೆರೆಯುತ್ತಾನೆ. ನಾನೂ ತೆರೆದಿದ್ದೇನೆ. ಈಗಲೂ ಲಗ್ನಪತ್ರಿಕೆಗೆ ಹಳೇ ಫೈಲೇ ತೆರೆಯುವುದು. ಹಾಗಾಗಿಯೇ ಒಂದು ಮದುವೆಯ ಕಾರ್ಡಿನಲ್ಲಿ ಹಿಂದಿನ ಮದುವೆಯ ಛತ್ರದ ಹೆಸರು ಉಳಿದು, 500 ಕಾರ್ಡು ನನ್ನ ಖರ್ಚಲ್ಲೇ ಮತ್ತೆ ಹೊಡೆಸಿಕೊಟ್ಟೆ.

ಸರಿ, ನಿನ್ನೆಯ ಪುಟ ತೆರೆದರೂ ತಾರೀಕು ಬದಲಾಯಿಸಬಹುದಿತ್ತಲ್ಲ ಅಂತೀರಿ. ಇಲ್ಲೇ ಕಷ್ಟ ಇರುವುದು. ಮಾಸ್ಟರ್‌ನಿಂದ ಬಂದ ಅಕ್ಷರವನ್ನು ಪುಟದ ಮೇಲೆ ಕ್ಲಿಕ್ ಮಾಡಿದರೆ ಅದು ಜಗ್ಗುವುದಿಲ್ಲ, ಗೋಡೆಗೆ ಬಳಿದ ಬಣ್ಣದ ಹಾಗೆ ಕೂತಿರುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಕ್ಲಿಕ್ ಮಾಡಿದರೆ ಮಾತ್ರ ಕೈಗೆ ಬರುತ್ತದೆ. ಆಗ ಸುತ್ತ ಚುಕ್ಕಿಚುಕ್ಕಿಯಾಗಿದ್ದ ಅಂಚು ನೇರ ಗೆರೆ ಆಗುತ್ತದೆ. ಇದಕ್ಕೆ ಓವರ್‌ರೈಡ್ ಅನ್ನುತ್ತಾರೆ. ಹಾಗೆ ಕಿತ್ತು ಅಲ್ಲೇ ತಿದ್ದಿದ ಮೇಲೆ ಆ ತಾರೀಕಿಗೂ ತಾಯಿಗೂ ಮಾತುಕತೆ ಬಂದ್. ನಾಳೆ ಯಾರೋ ಪುಣ್ಯಾತ್ಮರು ಸರಿಯಾಗಿ ಮಾಸ್ಟರ್‌ಗೇ ಹೋಗಿ ಹೊಸ ತಾರೀಕು ಹಾಕಿದರು ಅಂತಿಟ್ಟುಕೊಳ್ಳಿ, ಆ ಪುಟದಲ್ಲಿ ಮಾತ್ರ ಹಳೆಯದೇ ಕೂತಿರುತ್ತದೆ. ಮಾಸ್ಟರ್ ತಿದ್ದಿದವನಿಗೆ ತಾನು ತಿದ್ದಿದ್ದೇನೆ ಅನ್ನುವ ಧೈರ್ಯ. ಪುಟ ಮಾಡಿದವನಿಗೆ ಮಾಸ್ಟರ್ ತಿದ್ದಿದ್ದಾರಲ್ಲ ಅನ್ನುವ ಧೈರ್ಯ. ಇಬ್ಬರೂ ಎಚ್ಚರವಾಗೇ ಇದ್ದರು ಸ್ವಾಮಿ, ಯಾರೂ ತೂಕಡಿಸಲಿಲ್ಲ.

ಇದಕ್ಕಿಂತ ಚೆಂದದ್ದು ಒಂದಿದೆ. 2008ರ ಜನವರಿ 2, ಬುಧವಾರದ ಪೇಪರ್. ನಮ್ಮ 5ನೇ ಪುಟದಲ್ಲಿ ತಾರೀಕು ಹಳೆಯದಿದೆ ಅಂತ ಯಾರೋ ಕೂಗಿದರು. ನಾನು ಬುದ್ಧಿವಂತಿಕೆ ಮಾಡಿ, ಓವರ್‌ರೈಡ್ ಆಗಿದೆ ಅಂತ ಮಾಸ್ಟರನ್ನೇ ಇನ್ನೊಮ್ಮೆ ಆ ಪುಟಕ್ಕೆ ಎಳೆದು ಹಾಕಿದೆ. ಹಾಗೆ ಮಾಡಿದರೆ ಇನ್‌ಡಿಸೈನ್ ಏನು ಮಾಡುತ್ತದೆ ಅಂದರೆ, ಕಿತ್ತಿಟ್ಟಿದ್ದ ಹಳೆಯದನ್ನು ಪುಟದ ಸ್ವಂತ ಆಸ್ತಿ ಅಂತ ಅಲ್ಲೇ ಉಳಿಸಿಕೊಂಡು, ಹೊಸದನ್ನೂ ಅದೇ ಜಾಗಕ್ಕೆ ತಂದು ಕೂರಿಸುತ್ತದೆ. ಬೆಳಿಗ್ಗೆ ನೋಡಿದರೆ ‘ಮಂಗಳವಾರ’ದ ಮೇಲೆ ‘ಬುಧವಾರ’, 1ರ ಮೇಲೆ 2. ಪರದೆಯಲ್ಲಿ ಯಾಕೆ ಕಾಣಲಿಲ್ಲ? ಇಡೀ ಪುಟ ಒಟ್ಟಿಗೆ ನೋಡುವಾಗ ಅಷ್ಟು ಸಣ್ಣ ಅಕ್ಷರ ಬರೀ ಬೂದು ಗೆರೆಯಾಗಿ ಕಾಣುತ್ತದೆ. ಆ ಹೊತ್ತಲ್ಲಿ ಯಾರು ಜೂಮ್ ಮಾಡುತ್ತಾರೆ ಹೇಳಿ. ಎರಡು ದಿನ ಆಫೀಸಿನಲ್ಲಿ ನನ್ನನ್ನು ‘ಮಂಬುಗಳವಾರ’ ಅಂತ ಕರೆದರು.

ಮಾಸ್ಟರ್‌ಗೆ ಕೈ ಹಾಕಿದವರೂ ಕೆಡಿಸಬಲ್ಲರು. ಒಂದು ಸಲ ಹೊಸದಾಗಿ ಬಂದ ಹುಡುಗನಿಗೆ ನಾಲ್ಕು ಪುಟದ ಪುರವಣಿ ಕೊಟ್ಟೆವು. ಮಾಸ್ಟರ್‌ನಲ್ಲಿ ಪುಟಸಂಖ್ಯೆ ತಾನಾಗಿ ಬರುವ ಹಾಗೆ ಒಂದು ಗುರುತು ಹಾಕಿರುತ್ತೇವೆ. ಮಾಸ್ಟರ್ ಒಳಗೆ ನೋಡುವಾಗ ಆ ಜಾಗದಲ್ಲಿ ಸಂಖ್ಯೆ ಕಾಣುವುದಿಲ್ಲ, ಮಾಸ್ಟರ್‌ನ ಹೆಸರಾದ ಇಂಗ್ಲಿಷ್‌ನ ‘ಎ’ ಕಾಣುತ್ತದೆ. ನಮ್ಮದು ಹಳೇ ನುಡಿ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳು ಕೂತಿರುತ್ತವೆ, ದೊಡ್ಡ ‘ಎ’ ಇರುವ ಜಾಗದಲ್ಲಿ ಇರುವುದು ಅನುಸ್ವಾರ. ಅಂದರೆ ಸೊನ್ನೆ! ಹುಡುಗ ನೋಡಿದ. ಪುಟಸಂಖ್ಯೆ ಸೊನ್ನೆ ಅಂತ ಇದೆ, ಯಾರೋ ತಪ್ಪು ಮಾಡಿದ್ದಾರೆ ಅಂದುಕೊಂಡ. ತಾನು ಆಗ 3ನೇ ಪುಟ ಮಾಡುತ್ತಿದ್ದನಲ್ಲ, ಸೊನ್ನೆ ಅಳಿಸಿ 3 ಅಂತ ಕುಟ್ಟಿದ. ಪುರವಣಿಯ ನಾಲ್ಕೂ ಪುಟ 3. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸೊನ್ನೆ ಕಂಡರೆ ನಾನಾದರೂ ಅದನ್ನೇ ಮಾಡುತ್ತಿದ್ದೆ. ಮಾಸ್ಟರ್ ಒಳಗೆ ಏನೇನಿದೆ ಅಂತ ಅವನಿಗೆ ಯಾರೂ ತೋರಿಸಿರಲಿಲ್ಲ.

ಕಾಲಂ ಗೆರೆಗಳೂ ಅಲ್ಲೇ ಇರುತ್ತವೆ. 33 ಸೆಂ.ಮೀ. ಅಗಲದಲ್ಲಿ 8 ಕಾಲಂ, ನಡುವೆ 4 ಮಿ.ಮೀ. ಸಂದು ಇಟ್ಟರೆ ಒಂದು ಕಾಲಂ 37.75 ಮಿ.ಮೀ. ಆಗುತ್ತದೆ. ಯಾರೋ ಚೆಂದ ಕಾಣಲಿ ಅಂತ ಸಂದನ್ನು 5 ಮಾಡಿದರೆ ಕಾಲಂ 37 ಮಿ.ಮೀ.ಗೂ ಕೆಳಗೆ ಇಳಿಯುತ್ತದೆ, ಜಾಹೀರಾತು ವಿಭಾಗದವರು ಸ್ಕೇಲ್ ಹಿಡಿದುಕೊಂಡು ಬರುತ್ತಾರೆ. ಅದು ಬೇರೆ ಕಥೆ, ಬಿಡಿ.

ಮೇಲಿನ ಪಟ್ಟಿಯನ್ನು ಯಾರೂ ನೋಡುವುದಿಲ್ಲ ಅನ್ನುವುದಕ್ಕೆ ನ್ಯೂಯಾರ್ಕ್ ಟೈಮ್ಸ್‌ಗಿಂತ ದೊಡ್ಡ ಸಾಕ್ಷಿ ಬೇಡ. 1898ರ ಫೆಬ್ರುವರಿ 6ರಂದು ಅವರ ಸಂಚಿಕೆ ಸಂಖ್ಯೆ 14,499. ಮರುದಿನ 14,500 ಆಗಬೇಕಿತ್ತು. ಹಾಕಿದವರು 15,000 ಅಂತ ಹಾಕಿದರು. ಅಲ್ಲಿಂದ ದಿನಾ ಒಂದೊಂದು ಕೂಡಿಸುತ್ತಾ ಹೋದರು, ನೂರು ವರ್ಷಕ್ಕೂ ಜಾಸ್ತಿ. ಕೊನೆಗೆ ಸುದ್ದಿಮನೆಯ ಒಬ್ಬ ಯುವ ಸಹಾಯಕ ಲೆಕ್ಕ ಹಾಕಿ ಹಿಡಿದ. 1999ರ ಡಿಸೆಂಬರ್ 31ರಂದು 51,753 ಇದ್ದದ್ದು 2000ದ ಜನವರಿ 1ರಂದು 51,254ಕ್ಕೆ ಇಳಿಯಿತು. ಇದೂ ನಿನ್ನೆಯದನ್ನೇ ತೆರೆದು ಒಂದು ಕೂಡಿಸಿದ ಕಥೆಯೇ ತಾನೇ? ಕಂಪ್ಯೂಟರ್ ಇಲ್ಲದ ಕಾಲದಿಂದಲೂ ರೋಗ ಒಂದೇ.

ಅವರದು ಬರೀ ಸಂಖ್ಯೆ, ಯಾರಿಗೂ ನಷ್ಟ ಇಲ್ಲ ಅನ್ನಿ. ತಾರೀಕು ಹಾಗಲ್ಲ. ನಾನು ಎಡಿಷನ್‌ನಲ್ಲಿ ಇದ್ದಾಗ ಹೊಸದುರ್ಗದ ಕಡೆಯ ಒಬ್ಬ ರೈತರು ಮಡಚಿದ ಪುಟವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬಂದರು. ಪಾಲಿನ ದಾವೆ. ಎದುರು ಪಾರ್ಟಿ ಸಿಗದೆ ಕೋರ್ಟು ಪತ್ರಿಕೆಯಲ್ಲಿ ಸಮನ್ಸ್ ಪ್ರಕಟಿಸಲು ಹೇಳಿತ್ತು. ದುಡ್ಡು ಕಟ್ಟಿ ಹಾಕಿಸಿದ್ದರು. ಪ್ರಕಟಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಆ ಪುಟದ ನೆತ್ತಿಯ ತಾರೀಕು ಹಿಂದಿನ ದಿನದ್ದು, ಬಿಲ್ಲಿನಲ್ಲಿ ಇದ್ದದ್ದು ಸರಿಯಾದ ತಾರೀಕು. ಎರಡೂ ತಾಳೆ ಆಗುವುದಿಲ್ಲ, ಇದನ್ನು ಕೋರ್ಟಿಗೆ ಹೇಗೆ ಕೊಡಲಿ ಅಂತ ಲಾಯರು ವಾಪಸ್ ಕಳಿಸಿದ್ದರು. ನಮ್ಮವರು ಪುಕ್ಕಟೆಯಾಗಿ ಇನ್ನೊಮ್ಮೆ ಹಾಕಿಕೊಟ್ಟರು. ಅಷ್ಟರಲ್ಲಿ ಅವರ ವಾಯಿದೆ ಒಂದು ಮುಂದಕ್ಕೆ ಹೋಗಿತ್ತು. ಹೆಸರು ಬದಲಾವಣೆ, ಟೆಂಡರು, ಶ್ರದ್ಧಾಂಜಲಿ, ಮಗಳ ಫೋಟೊ ಬಂದ ಸುದ್ದಿ, ಜನ ಕತ್ತರಿಸಿ ಇಟ್ಟುಕೊಳ್ಳುವುದೆಲ್ಲ ಒಳಪುಟಗಳಲ್ಲೇ ಜಾಸ್ತಿ. ಅಲ್ಲಿ ತಾರೀಕು ಹೇಳುವುದು ಆ ಸಣ್ಣ ಪಟ್ಟಿ ಒಂದೇ.

ಹಾಗಾದರೆ ತಾರೀಕನ್ನು ಕಂಪ್ಯೂಟರೇ ಹಾಕಿಕೊಳ್ಳಲಿ ಅಂತ ನಿಮ್ಮಲ್ಲಿ ಯಾರಾದರೂ ಹೇಳಬಹುದು. ಇನ್‌ಡಿಸೈನ್‌ನಲ್ಲಿ ಔಟ್‌ಪುಟ್ ಡೇಟ್ ಅಂತ ಒಂದು ಸೌಲಭ್ಯ ಇದೆ, ಪುಟ ಪಿಡಿಎಫ್ ಆಗುವ ದಿನದ ತಾರೀಕನ್ನು ತಾನೇ ಹಾಕಿಕೊಳ್ಳುತ್ತದೆ. ಕೇಳಲು ಚೆಂದ. ನಾವು ನಾಳೆಯ ಪೇಪರನ್ನು ಇವತ್ತು ರಾತ್ರಿ ಮಾಡುವವರು ಅಂತ ಅದಕ್ಕೆ ಗೊತ್ತಿಲ್ಲವಲ್ಲ. ಪುರವಣಿಯಲ್ಲಿ ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿದೆವು. ಹತ್ತೂವರೆಗೆ ತೆಗೆದ ಪಿಡಿಎಫ್‌ನಲ್ಲಿ ಇವತ್ತು, ಹನ್ನೆರಡು ದಾಟಿದ ಮೇಲೆ ತೆಗೆದದ್ದರಲ್ಲಿ ನಾಳೆ. ದೂರದ ತಾಲ್ಲೂಕಿಗೆ ಹಳೇ ತಾರೀಕು, ಪೇಟೆಗೆ ಹೊಸ ತಾರೀಕು ಹೋಗುತ್ತಿತ್ತು. ಪುಣ್ಯಕ್ಕೆ ಪ್ಲೇಟ್ ಮಾಡುವ ಮುಂಚೆ ಗೊತ್ತಾಯಿತು.

ನಮ್ಮಲ್ಲಿ ಕೊನೆಗೆ ಕೆಲಸ ಮಾಡಿದ ದಾರಿ ತುಂಬ ಸರಳ. ಪತ್ರಿಕೆಯ ಪ್ರತಿ ಪುಟವೂ ಬೇರೆ ಬೇರೆ ಫೈಲು, ಬೇರೆ ಬೇರೆಯವರ ಕೈಯಲ್ಲಿ. ಅಂದರೆ 12 ಪುಟ ಇದ್ದರೆ 12 ತಾಯಂದಿರು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ವಾರ, ತಾರೀಕು ಎರಡನ್ನು ಮಾತ್ರ ಒಂದು ಪುಟ್ಟ ಬೇರೆ ಫೈಲಾಗಿ ಮಾಡಿ, ಫೋಟೊ ಇಡುವ ಹಾಗೆ 12 ಮಾಸ್ಟರ್‌ಗಳಲ್ಲೂ ಅದನ್ನೇ ಲಿಂಕ್ ಮಾಡಿ ಇಟ್ಟೆವು. ಸಂಜೆ ನಾಲ್ಕಕ್ಕೆ, ಡೆಸ್ಕಿನಲ್ಲಿ ಗಲಾಟೆ ಶುರುವಾಗುವ ಮುಂಚೆ, ಒಬ್ಬರೇ ಒಬ್ಬರು ಆ ಪುಟ್ಟ ಫೈಲನ್ನು ತಿದ್ದುವುದು. ಪ್ರಿಂಟ್ ತೆಗೆದು ಕರಡು ತಿದ್ದುವವರ ಮೇಜಿಗೆ ಇಡುವುದು. ರಾತ್ರಿ ಯಾರೇ ಪುಟ ತೆರೆದರೂ ಲಿಂಕ್ ಬದಲಾಗಿದೆ ಅಂತ ಅದೇ ಎಚ್ಚರಿಸುತ್ತದೆ, ಹಳದಿ ತ್ರಿಕೋನ ತೋರಿಸುತ್ತದೆ. ಅಪ್‌ಡೇಟ್ ಒತ್ತಿದರೆ ಆಯಿತು. ನಿನ್ನೆಯ ಪುಟವನ್ನೇ ತೆರೆದರೂ ತಾರೀಕು ಇವತ್ತಿನದೇ ಬರುತ್ತದೆ, ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದು. ಹುಡುಗರ ಅಭ್ಯಾಸ ಬದಲಾಯಿಸಲು ಹೋಗಲೇ ಇಲ್ಲ. ಜೊತೆಗೆ ಫೋಲಿಯೊವನ್ನು ಎಲ್ಲಕ್ಕಿಂತ ಮೇಲಿನ ಲೇಯರ್‌ಗೆ ಹಾಕಿ ಬೀಗ ಹಾಕಿದೆವು. ಇಲ್ಲದಿದ್ದರೆ ಮಾಸ್ಟರ್‌ನ ವಸ್ತುಗಳು ಅಡಿಯಲ್ಲೇ ಇರುತ್ತವೆ, ಪುಟದ ತುಂಬ ಜಾಹೀರಾತು ಬಂದ ದಿನ ಪುಟಸಂಖ್ಯೆಯೇ ಮುಚ್ಚಿಹೋಗುತ್ತದೆ.

ಟೆಂಪ್ಲೇಟ್ ಫೈಲನ್ನೇ ತಿದ್ದುವಾಗ ಇನ್ನೊಂದು ಗುಂಡಿ ಇದೆ, ಅದರಲ್ಲಿ ಬೀಳದವರು ಕಡಿಮೆ. ಟೆಂಪ್ಲೇಟ್ ಅಂತ ಸೇವ್ ಮಾಡಿದ್ದನ್ನು ತೆರೆದರೆ ಅದು ಬರುವುದಿಲ್ಲ, ಅದರ ಹೆಸರಿಲ್ಲದ ನಕಲು ಬರುತ್ತದೆ. ತಿದ್ದಿದವನು ನಕಲನ್ನು ಡೆಸ್ಕ್‌ಟಾಪ್‌ನಲ್ಲಿ ಉಳಿಸಿ ಮನೆಗೆ ಹೋಗುತ್ತಾನೆ. ಮರುದಿನ ಮತ್ತೆ ಹಳೆಯದೇ. ‘ನಿನ್ನೆ ಸರಿ ಮಾಡಿದ್ದೆನಲ್ಲ ಸರ್’ ಅಂತ ಅವನು ಹೇಳುವುದು ಸುಳ್ಳಲ್ಲ. ಫೈಲ್ ತೆರೆಯುವ ಚೌಕದಲ್ಲೇ ‘ಒರಿಜಿನಲ್’ ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿ ತೆರೆಯಬೇಕು. ಇಷ್ಟು ಹೇಳಿಕೊಡಲು ಐದು ನಿಮಿಷ ಸಾಕು.

ನನ್ನ ಬೇಡಿಕೆ ಇಷ್ಟೇ. ಆ 7ನೇ ಪುಟ ಮಾಡಿದವರಿಗೆ ಮೆಮೊ ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ. ನಿಮ್ಮ ಮಾಸ್ಟರ್ ಪೇಜ್ ಯಾರ ಜವಾಬ್ದಾರಿ ಅಂತ ಒಮ್ಮೆ ಆಫೀಸಿನಲ್ಲಿ ಕೇಳಿ ನೋಡಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರೆ, ಮೊದಲು ಆ ಜಾಗಕ್ಕೆ ಒಬ್ಬರನ್ನು ಹಾಕಿ, ಮತ್ತು ಅವರಿಗೆ ಆ ಕೆಲಸಕ್ಕೆ ಅಂತಲೇ ಹಗಲು ಹೊತ್ತಿನಲ್ಲಿ ಅರ್ಧ ಗಂಟೆ ಬಿಡಿ. ರಾತ್ರಿ ಹತ್ತು ಗಂಟೆಗೆ ಮಾಸ್ಟರ್‌ಗೆ ಕೈ ಹಾಕಲು ಯಾರಿಗೂ ಬಿಡಬೇಡಿ, ನಿಮ್ಮ ಡಿಸೈನ್ ಮುಖ್ಯಸ್ಥರಿಗೂ. ಬೇಕಾದರೆ ನಾನೇ ಒಂದು ಮಂಗಳವಾರ ಬರುತ್ತೇನೆ. ಅವತ್ತು ಅಂಗಡಿಗೆ ರಜೆ. ಬಸ್ ಚಾರ್ಜು ಬೇಡ, ಒಳ್ಳೇ ಟೀ ಕೊಡಿಸಿದರೆ ಸಾಕು.

ಇಂತಿ,
ಹಳೇ ಪುಟ ಕಟ್ಟುವವನೊಬ್ಬ
ಚಿತ್ರದುರ್ಗ

ಮರೆತಿದ್ದೆ: ನಿಮ್ಮ ಕೊನೆ ಪುಟದ ಅಡಿಯಲ್ಲಿ, ಮುದ್ರಕರು ಪ್ರಕಾಶಕರ ಹೆಸರಿರುವ ಸಾಲಿನಲ್ಲಿ, ಸುದ್ದಿ ಆಯ್ಕೆಗೆ ಹೊಣೆ ಯಾರು ಅನ್ನುವಲ್ಲಿ ಇನ್ನೂ ‘ಪಿಆರ್‌ಬಿ ಕಾಯ್ದೆಯನ್ವಯ’ ಅಂತಲೇ ಬರುತ್ತಿದೆ. ಆ 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದು, ಅದು 2024ರ ಮಾರ್ಚ್ 1ರಿಂದಲೇ ಜಾರಿಯಲ್ಲಿದೆ. ಆ ಸಾಲೂ ಮಾಸ್ಟರ್ ಪೇಜ್‌ನಲ್ಲೇ ಇರುತ್ತದೆ. ಹೇಗೂ ತೆರೆಯುತ್ತೀರಲ್ಲ, ಅದನ್ನೂ ಒಮ್ಮೆ ನೋಡಿಬಿಡಿ.